ಬೋನಾಳದ ಏರಿಯ ಮೇಲೆ ಕ್ಯಾಮೆರಾ

ಸುರಪುರ ತಾಲ್ಲೂಕಿನ ಬೋನಾಳ ಕೆರೆಯ ಏರಿ ಮೇಲೆ ಚಳಿಗಾಲದ ಬೆಳಗ್ಗೆ ನಿಂತರೆ ಪಟ್ಟೆತಲೆ ಹೆಬ್ಬಾತುಗಳು ಕಣ್ಣಿಗೆ ಬೀಳುವ ಮೊದಲೇ ಅವುಗಳ ಗದ್ದಲ ಕಿವಿಗೆ ಬೀಳುತ್ತದೆ. ಮೇಲೆ ಗಿಡುಗವೊಂದು ಸುಳಿದರೆ ಸಾಕು, ಇಡೀ ಹಿಂಡು ಒಮ್ಮೆಲೇ ಏಳುತ್ತದೆ. ಕೆಲವು ವರ್ಷಗಳ ಹಿಂದೆ ಹಾಗೆ ಎದ್ದಾಗ ನಾನು ಒತ್ತಿದ ಗುಂಡಿ ಬಿಡಲಿಲ್ಲ. ಏಳೆಂಟು ಚಿತ್ರ ಆಗುತ್ತಲೇ ಕ್ಯಾಮೆರಾ ನಿಂತುಬಿಟ್ಟಿತು. ತೆಗೆದದ್ದನ್ನು ಕಾರ್ಡಿಗೆ ತುಂಬಿಕೊಳ್ಳುತ್ತ ಕೆಂಪು ದೀಪ ಮಿಣುಕಿಸುತ್ತ ಕೂತಿತು. ಎಮ್ಮೆ ಮೇಯಿಸುತ್ತಿದ್ದ ಹುಡುಗ, “ಹೋದ್ವು ನೋಡ್ರಿ ಸರ,” ಅಂದ. 24 ಮೆಗಾಪಿಕ್ಸೆಲ್ ಎಂದು ಹೆಮ್ಮೆಪಟ್ಟು ಕೊಂಡ ಕ್ಯಾಮೆರಾ ಅದು.

ಸುರಪುರದ ನಾಯಕ ಅರಸರು ಕಟ್ಟಿಸಿದ ಈ ಕೆರೆಯನ್ನು ಆಮೇಲೆ ಸುಧಾರಿಸಿದವನು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್. ಅವನು 1841ರಲ್ಲಿ ಸುರಪುರಕ್ಕೆ ಬಂದಾಗ ಡಾಗೇರನ ಛಾಯಾಚಿತ್ರ ವಿಧಾನ ಲೋಕಕ್ಕೆ ತಿಳಿದು ಎರಡೇ ವರ್ಷ. ಆಗಿನ ತಟ್ಟೆಗೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಬೋನಾಳದ ಏರಿ ಅದರಲ್ಲಿ ಮೂಡುತ್ತಿತ್ತು, ಹಕ್ಕಿ ಮೂಡುತ್ತಿರಲಿಲ್ಲ. ಓಡುವ ಕುದುರೆಯನ್ನು ಮೈಬ್ರಿಜ್ ಸಾಲು ಕ್ಯಾಮೆರಾಗಳಲ್ಲಿ ಹಿಡಿದದ್ದು 1878ರಲ್ಲಿ. ನಾಲ್ಕು ವರ್ಷದ ಬಳಿಕ ಫ್ರಾನ್ಸಿನ ಮರೇ ಬಂದೂಕಿನ ಆಕಾರದ ಕ್ಯಾಮೆರಾ ಮಾಡಿ ಸೆಕೆಂಡಿಗೆ 12 ಚಿತ್ರ ತೆಗೆದ. ಅವನ ಗುರಿಯೂ ಹಾರುವ ಹಕ್ಕಿಯೇ.

ನಮ್ಮಲ್ಲಿ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಅವರಂಥವರು ವನ್ಯಜೀವಿ ಛಾಯಾಗ್ರಹಣಕ್ಕೆ ಹೆಸರು ತಂದದ್ದು ಫಿಲ್ಮಿನ ಕಾಲದಲ್ಲಿ. ಗೂಡಿನ ಎದುರು ಮರೆ ಕಟ್ಟಿಕೊಂಡು ಗಂಟೆಗಟ್ಟಲೆ ಕೂರುವುದು ಆಗಿನ ಕ್ರಮ. ಹಾರುವ ಹಕ್ಕಿಗೆ ಫೋಕಸ್ಸನ್ನು ಕೈಯಲ್ಲೇ ತಿರುಗಿಸಬೇಕು. ಸುರುಳಿಯಲ್ಲಿ ಇರುವುದು 36 ಚಿತ್ರ. ಆ ಕಾಲದ ಹಾರಾಟದ ಒಂದು ಒಳ್ಳೆಯ ಚಿತ್ರಕ್ಕೆ ಇಂದಿನ ಸಾವಿರ ಚಿತ್ರ ಸಮವೆಂದರೆ ನನಗೇನೂ ಉತ್ಪ್ರೇಕ್ಷೆ ಅನ್ನಿಸುವುದಿಲ್ಲ.

ಮೊದಲು ಬಿಡಿಸಿದ ಗಂಟು ಫೋಕಸ್ಸಿನದು. 1985ರ ಮಿನೋಲ್ಟಾ 7000 ಬಂದ ಮೇಲೆ ಆಟೋಫೋಕಸ್ ಎಲ್ಲ ಕಂಪನಿಗಳ ಮಂತ್ರವಾಯಿತು. 1999ರಲ್ಲಿ ನಿಕಾನ್ ಡಿ1 ಬಂದಾಗ ಅದರಲ್ಲಿದ್ದದ್ದು 2.7 ಮೆಗಾಪಿಕ್ಸೆಲ್, ಸೆಕೆಂಡಿಗೆ 4.5 ಚಿತ್ರ. 2001ರ ಕ್ಯಾನನ್ 1ಡಿ 8ಕ್ಕೆ ಏರಿತು. ನನ್ನ ಲೆಕ್ಕದಲ್ಲಿ ದೊಡ್ಡ ತಿರುವು 2007ರ ನಿಕಾನ್ ಡಿ3. ಕೇವಲ 12 ಮೆಗಾಪಿಕ್ಸೆಲ್, ಆದರೆ ಐಎಸ್ಒ 6400ರಲ್ಲೂ ಚಿತ್ರ ಕೆಡುತ್ತಿರಲಿಲ್ಲ. ಅಂದರೆ ಸೂರ್ಯ ಹುಟ್ಟುವ ಮುಂಚಿನ ಮಬ್ಬಿನಲ್ಲೂ ಷಟರ್ ವೇಗ ಏರಿಸಬಹುದು.

ಷಟರ್ ವೇಗ ಎಷ್ಟು ಬೇಕು? ಗಂಟೆಗೆ 54 ಕಿ.ಮೀ. ವೇಗದಲ್ಲಿ ನಮ್ಮೆದುರು ಅಡ್ಡ ಹಾಯುವ ಹಕ್ಕಿ ಸೆಕೆಂಡಿಗೆ 15 ಮೀಟರ್ ಸಾಗುತ್ತದೆ. 1/1000 ಸೆಕೆಂಡಿನಲ್ಲಿ ಒಂದೂವರೆ ಸೆಂಟಿಮೀಟರ್ ಜರುಗುತ್ತದೆ. ಕ್ಯಾಮೆರಾ ಜೊತೆಗೇ ತಿರುಗಿಸಿದರೆ ಮೈ ನಿಲ್ಲುತ್ತದೆ, ರೆಕ್ಕೆಯ ತುದಿ ನಿಲ್ಲುವುದಿಲ್ಲ. 1/2000ಕ್ಕೆ ಏರಿಸಿ. ಮಿಂಚುಳ್ಳಿ ನೀರಿಗೆ ಧುಮುಕುವಾಗ ಅದೂ ಸಾಲದು.

2017ರಲ್ಲಿ ಸೋನಿ ಎ9 ಕನ್ನಡಿಯಿಲ್ಲದ ಕ್ಯಾಮೆರಾದಲ್ಲಿ ಸೆಕೆಂಡಿಗೆ 20 ಚಿತ್ರ ತೆಗೆಯಿತು, ಅದೂ ವ್ಯೂಫೈಂಡರಿನ ನೋಟ ಕತ್ತಲಾಗದೆ. 2020–21ರ ಹೊತ್ತಿಗೆ ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನೇ ಹುಡುಕಿ ಹಿಡಿಯತೊಡಗಿದವು. ನಿಕಾನ್ ಝಡ್9 ಯಾಂತ್ರಿಕ ಷಟರನ್ನೇ ಕೈಬಿಟ್ಟಿತು. ಆದರೆ ಜೊಂಡಿನ ನಡುವೆ ನೇರಳೆ ಜಂಬುಕೋಳಿ ಕಂಡಾಗ ಈ ಜಾಣತನವೂ ಒಮ್ಮೊಮ್ಮೆ ಜೊಂಡಿನ ಎಸಳನ್ನೇ ಹಿಡಿದು ಕೂರುತ್ತದೆ.

ಅಂಗಡಿಯವರು ಸಾಮಾನ್ಯವಾಗಿ ಹೇಳದ ಸಂಗತಿ ಸೆನ್ಸರ್ ಓದುವ ವೇಗ. ಎಲೆಕ್ಟ್ರಾನಿಕ್ ಷಟರಿನಲ್ಲಿ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ. 2022ರ ಕ್ಯಾನನ್ ಆರ್7 ಸೆಕೆಂಡಿಗೆ 30 ಚಿತ್ರ ಎನ್ನುತ್ತದೆ, ಸುಳ್ಳಲ್ಲ; ಆದರೆ ಒಂದು ಚಿತ್ರ ಪೂರ್ತಿ ಓದಲು ಹೆಚ್ಚುಕಡಿಮೆ 1/30 ಸೆಕೆಂಡ್ ಬೇಕು. ಅಷ್ಟರಲ್ಲಿ ರೆಕ್ಕೆ ಬೇರೆ ಕಡೆ ಹೋಗಿ, ಚಿತ್ರದಲ್ಲಿ ಸೊಟ್ಟಗೆ ಬಾಗಿರುತ್ತದೆ. ಅದರಲ್ಲಿ ಯಾಂತ್ರಿಕ ಷಟರ್ ಬಳಸಿ 15ಕ್ಕೆ ತೃಪ್ತರಾಗುವುದೇ ಮೇಲು. 2023ರ ಕೊನೆಯಲ್ಲಿ ಪ್ರಕಟವಾದ ಸೋನಿ ಎ9-3 ಎಲ್ಲ ಸಾಲುಗಳನ್ನೂ ಒಟ್ಟಿಗೇ ಸೆರೆಹಿಡಿದು ಈ ತೊಡಕನ್ನೇ ತೆಗೆದುಹಾಕಿತು. ಅದರ ಬೆಲೆ ನಮ್ಮ ಕಡೆಯವರ ಕೈಗೆ ಎಟುಕುವುದಲ್ಲ.

ಕೈಗೆ ಎಟುಕುವುದು? 2016ರ ನಿಕಾನ್ ಡಿ500. ಸೆಕೆಂಡಿಗೆ 10 ಚಿತ್ರ, 153 ಫೋಕಸ್ ಬಿಂದು, ತಕ್ಕ ಕಾರ್ಡ್ ಹಾಕಿದರೆ ಒಂದೇ ಉಸಿರಿಗೆ 200 ರಾ ಚಿತ್ರ. ಬಳಸಿದ್ದನ್ನು ಕೊಳ್ಳಿ, 200–500 ಮಿ.ಮೀ. ಲೆನ್ಸ್ ಜೋಡಿಸಿ, ಉಳಿದ ದುಡ್ಡು ಪೆಟ್ರೋಲಿಗೆ ಆಗುತ್ತದೆ. ಬೋನಾಳದಂಥ ಅಗಲ ಕೆರೆಯಲ್ಲಿ 400 ಮಿ.ಮೀ.ಗಿಂತ ಕಡಿಮೆ ಲೆನ್ಸಿಗೆ ಹಕ್ಕಿ ಬರೀ ಚುಕ್ಕಿ. ಅತಿ ಉದ್ದದ ಜೂಮ್ ಇರುವ ಸಣ್ಣ ಸೆನ್ಸರಿನ ಕ್ಯಾಮೆರಾಗಳು ಕೂತ ಹಕ್ಕಿಗೆ ಸರಿ, ಎದ್ದ ಹಕ್ಕಿಯ ಬೆನ್ನು ಹತ್ತಲಾರವು. ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ನಡುಗತೊಡಗುತ್ತದೆ; ಆಗ ಯಾವ ಕ್ಯಾಮೆರಾದಲ್ಲೂ ಚಿತ್ರ ಕಲಸಿಹೋಗುತ್ತದೆ.

ಇನ್ನೊಂದು ಮಾತು. ಹಾರಾಟದ ಚಿತ್ರ ಬೇಕೆಂದು ಕಲ್ಲೆಸೆದು, ಚಪ್ಪಾಳೆ ತಟ್ಟಿ ಹಿಂಡು ಎಬ್ಬಿಸುವವರು ಹೆಚ್ಚುತ್ತಿದ್ದಾರೆ. ಹಿಮಾಲಯ ದಾಟಿ ಬಂದು ದಣಿದ ಹಕ್ಕಿಗಳು ಅವು. ದಯವಿಟ್ಟು ಎಬ್ಬಿಸಬೇಡಿ, ಗಿಡುಗ ಬರುವವರೆಗೆ ಕಾಯಿರಿ.