ಮರಣಶಾಸನ

ಕ್ರಿ.ಶ. 1068ರ ಮಾರ್ಚ್ ತಿಂಗಳ ಕೊನೆಯಲ್ಲಿ, ಆಹವಮಲ್ಲನೆಂದು ಹೆಸರಾದ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನು ಕುರುವತ್ತಿಯಲ್ಲಿ ತುಂಗಭದ್ರೆಗಿಳಿದು ಪ್ರಾಣ ಬಿಟ್ಟನು. ಅವನ ಮಗನ ಆಸ್ಥಾನದಲ್ಲಿದ್ದ ಬಿಲ್ಹಣ ಕವಿ 'ವಿಕ್ರಮಾಂಕದೇವಚರಿತ'ದಲ್ಲಿ ಈ ಪ್ರಸಂಗವನ್ನು ವಿವರವಾಗಿ ವರ್ಣಿಸಿದ್ದಾನೆ. ಅರಸನಿಗೆ ದಾಹಜ್ವರ ಬಂದಿತ್ತು. ಯಾವ ಉಪಚಾರವೂ ನಾಟಲಿಲ್ಲ. ತನ್ನ ನಿರ್ಧಾರವನ್ನು ಅವನು ಮಂತ್ರಿಗಳಿಗೆ ತಿಳಿಸಿದನು; ಅವರು ಒಪ್ಪಿದರು. ನದೀತೀರಕ್ಕೆ ಹೋಗಿ, ಮಿಂದು, ದಾನ ಮಾಡಿ, ಶಿವನನ್ನು ನೆನೆಯುತ್ತ ನೀರಿನಲ್ಲಿ ಮುಂದೆ ಮುಂದೆ ನಡೆದನು. ಶಾಸನಗಳು ಇದನ್ನು ಪರಮಯೋಗವೆನ್ನುತ್ತವೆ.

ಹಲವು ವರ್ಷಗಳ ಹಿಂದೆ ತರಗತಿಯಲ್ಲಿ ನಾನು ಇದನ್ನು ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಒಪ್ಪಿಗೆ ಕೊಟ್ಟ ಮಂತ್ರಿಗಳಿಗೆ ಶಿಕ್ಷೆ ಆಗಲಿಲ್ಲವೆ ಸರ್?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಅದು ನಕ್ಕು ಬಿಡುವ ಪ್ರಶ್ನೆಯಾಗಿರಲಿಲ್ಲ. 2024ರವರೆಗೆ ಜಾರಿಯಲ್ಲಿದ್ದ 1860ರ ಭಾರತೀಯ ದಂಡಸಂಹಿತೆಯ 309ನೆಯ ಕಲಮಿನಂತೆ ಸಾಯಲು ಯತ್ನಿಸಿ ಬದುಕುಳಿದವನಿಗೆ ಒಂದು ವರ್ಷದವರೆಗೆ ಸಜೆಯಿತ್ತು. 306ನೆಯ ಕಲಮಿನಂತೆ ಅವನಿಗೆ ಪ್ರೇರಣೆ ಕೊಟ್ಟವರಿಗೆ ಹತ್ತು ವರ್ಷದವರೆಗೆ ಇತ್ತು. ಕುರುವತ್ತಿಯ ದಡದಲ್ಲಿ ನಿಂತ ಮಂತ್ರಿಗಳು ಒಂಬತ್ತು ಶತಮಾನ ತಡವಾಗಿ ಹುಟ್ಟಿದ್ದರೆ ನ್ಯಾಯಾಲಯದ ಕಟಕಟೆ ಏರಬೇಕಾಗುತ್ತಿತ್ತು.

ನಮ್ಮ ಹಳೆಯ ಭಾಷೆ ಈ ವಿಷಯದಲ್ಲಿ ಬಲು ಎಚ್ಚರದಿಂದ ನಡೆದುಕೊಂಡಿದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟಕ್ಕೆ ಹಳಗನ್ನಡ ಶಾಸನಗಳಲ್ಲಿ ಕಳ್ವಪ್ಪು ಎಂದು ಹೆಸರು. ಬಿ. ಎಲ್. ರೈಸ್ 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು, 1923ರಲ್ಲಿ ಆರ್. ನರಸಿಂಹಾಚಾರ್ಯರು ಆ ಸಂಪುಟವನ್ನು ಪರಿಷ್ಕರಿಸಿದಾಗ ಸಂಖ್ಯೆ 500ಕ್ಕೆ ಏರಿತು. ಅವುಗಳಲ್ಲಿ ಅತಿ ಪ್ರಾಚೀನವಾದವು ಬಹುಮಟ್ಟಿಗೆ ಸಲ್ಲೇಖನ ವ್ರತದಿಂದ ದೇಹ ಬಿಟ್ಟ ಮುನಿಗಳ, ಕಂತಿಯರ ನೆನಪಿನವು. ಅಲ್ಲಿ ಕಾಣುವ ಕ್ರಿಯಾಪದಗಳು ಎರಡು: 'ನೋಂತು', 'ಮುಡಿಪಿದರ್'. ವ್ರತ ಹಿಡಿದರು, ಮುಗಿಸಿದರು ಎಂದಷ್ಟೇ ಅರ್ಥ. ಹತ್ಯೆಯೆಂಬ ಮಾತಿನ ನೆರಳೂ ಅಲ್ಲಿಲ್ಲ. ಮುನಿಗಳಷ್ಟೇ ಅಲ್ಲ, ರಾಷ್ಟ್ರಕೂಟರ ನಾಲ್ಕನೆಯ ಇಂದ್ರನೂ 982ರಲ್ಲಿ ಬೆಳಗೊಳದಲ್ಲಿ ಹೀಗೆಯೇ ಮುಡಿಪಿದನು. ಶಾಂತಲೆಯ ತಾಯಿ ಮಾಚಿಕಬ್ಬೆ ಒಂದು ತಿಂಗಳು ಉಪವಾಸವಿದ್ದು ದೇಹ ಬಿಟ್ಟಳು.

ಹಾಗೆಂದು ಮನಸ್ಸು ಬಂದವರೆಲ್ಲ ಬೆಟ್ಟ ಹತ್ತಬಹುದಾಗಿತ್ತೆಂದು ತಿಳಿಯಬಾರದು. ಸಮಂತಭದ್ರಾಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಸಲ್ಲೇಖನಕ್ಕೆ ತಕ್ಕ ಸಂದರ್ಭಗಳನ್ನು ಹೇಳಿದ್ದಾರೆ: ಉಪಸರ್ಗ, ಬರ, ಮುಪ್ಪು, ರೋಗ. ಆದರೆ ಇವಕ್ಕೆಲ್ಲ ಒಂದೇ ವಿಶೇಷಣ, 'ನಿಷ್ಪ್ರತೀಕಾರ', ಎಂದರೆ ಪರಿಹಾರವಿಲ್ಲದ್ದು. ಪರಿಹಾರವಿದ್ದರೆ ವ್ರತಕ್ಕೆ ಎಡೆಯಿಲ್ಲ. ಇನ್ನೂ ಸೂಕ್ಷ್ಮವಾದದ್ದು ಮುಂದಿದೆ. ವ್ರತ ಹಿಡಿದವನು ಬೇಗ ಸಾಯಲೆಂದು ಬಯಸಿದರೂ ಅದು ದೋಷವೇ. 'ವಡ್ಡಾರಾಧನೆ'ಯ ಕಥೆಗಳಿಗೆ ಮೂಲದ ನಂಟಿರುವ 'ಭಗವತೀ ಆರಾಧನೆ'ಯಂತೂ ಮರಣಶಯ್ಯೆಯಲ್ಲಿರುವ ಮುನಿಗೆ 48 ಮಂದಿ ನಿರ್ಯಾಪಕರನ್ನು ಗೊತ್ತುಮಾಡುತ್ತದೆ. ಮಗ್ಗುಲು ಬದಲಿಸುವವರು, ಮಲಮೂತ್ರ ತೆಗೆಯುವವರು, ಬಾಗಿಲು ಕಾಯುವವರು, ಧರ್ಮಕಥೆ ಹೇಳುವವರು. ಎಂ.ಎ. ತರಗತಿಗೆ ಪಾಠ ಮಾಡುತ್ತಿದ್ದಾಗ ಈ ಪಟ್ಟಿಯನ್ನು ನಾನು ಬೇಗ ಬೇಗ ದಾಟಿಬಿಡುತ್ತಿದ್ದೆ. ಈಗ ದಾಟಲಾರೆ.

ಆದರೆ ಕಲ್ಲುಗಳಲ್ಲಿ ಇನ್ನೊಂದು ಬಗೆಯವೂ ಇವೆ. ಮೈಸೂರು ಸೀಮೆಯ ದೊಡ್ಡಹುಂಡಿಯಲ್ಲಿ ದೊರೆತ ಗಂಗರ ಕಾಲದ ಕಲ್ಲಿನಲ್ಲಿ ನೀತಿಮಾರ್ಗನೆಂಬ ಅರಸ ಮಂಚದ ಮೇಲೆ ಕೊನೆಯುಸಿರೆಳೆಯುತ್ತಿದ್ದಾನೆ. ಪಕ್ಕದಲ್ಲಿ ಅಗರಯ್ಯನೆಂಬ ಮನೆಯ ಸೇವಕ. ಈತ ಅರಸನಿಗೆ 'ಕೀಳ್ಗುಂಟೆ'ಯಾದನೆಂದು ಶಾಸನ ಹೇಳುತ್ತದೆ, ಎಂದರೆ ಒಡೆಯನೊಡನೆ ತಾನೂ ಸತ್ತ. ಹಳೇಬೀಡಿನ ಕಂಬವೊಂದು ಇಮ್ಮಡಿ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನೂ ಅವನ ಮಡದಿಯೂ ಗರುಡರೂ ಪ್ರಾಣ ಕೊಟ್ಟದ್ದನ್ನು ಹೊಗಳುತ್ತದೆ. ಊರೂರಿನ ಮಾಸ್ತಿಕಲ್ಲುಗಳನ್ನು ಹೇಳುವುದೇ ಬೇಡ. ಎಲ್ಲರೂ ತಾವಾಗಿ ಒಪ್ಪಿ ಸತ್ತರೆಂದೇ ಈ ಕಲ್ಲುಗಳ ಸಾಕ್ಷ್ಯ. ಆದರೆ ಕಲ್ಲನ್ನು ನಿಲ್ಲಿಸಿದವರು ಯಾರು? ಉಳಿದವರು. ಸತ್ತವನ ಇಚ್ಛೆಯನ್ನು ಉಳಿದವರ ಬಾಯಿಂದ ಕೇಳಿ ನಂಬುವುದು ಹೇಗೆ? 1860ರ ಕಾನೂನಿನ ಒರಟುತನವನ್ನು ಬೈಯುವಾಗಲೂ ಅಗರಯ್ಯನನ್ನು ಮರೆಯುವ ಹಾಗಿಲ್ಲ.

ಆ ಕಾನೂನು ಮುಡಿಪಿದವನನ್ನೂ ಹತಾಶನಾಗಿ ಬಾವಿಗೆ ಬಿದ್ದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿತು. 309ನೆಯ ಕಲಮು ಅಸಿಂಧುವೆಂದು 1986ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವೂ 1994ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿದವು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ತಳ್ಳಿಹಾಕಿತು. ಬದುಕುವ ಹಕ್ಕಿನೊಳಗೆ ಸಾಯುವ ಹಕ್ಕು ಅಡಗಿಲ್ಲವೆಂದಿತು. ಆದರೆ ಸಾವು ಆಗಲೇ ಸಮೀಪಿಸಿದವನ ಘನತೆಯ ಮಾತು ಬೇರೆ ಎಂಬ ಕಿಟಕಿಯೊಂದನ್ನು ತೆರೆದಿಟ್ಟಿತು.

ಆ ಕಿಟಕಿಯ ಬಳಿಗೆ ಬಂದದ್ದು ನಮ್ಮ ಉತ್ತರ ಕನ್ನಡದ ಹಳದೀಪುರದ ಹೆಣ್ಣುಮಗಳೊಬ್ಬಳ ಕಥೆ. ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಅಲ್ಲಿಯ ನೌಕರನೊಬ್ಬ ಅವರ ಕೊರಳಿಗೆ ನಾಯಿಯ ಸರಪಳಿ ಬಿಗಿದು ಅತ್ಯಾಚಾರವೆಸಗಿದ. ಮಿದುಳಿಗೆ ಪ್ರಾಣವಾಯು ತಪ್ಪಿತು. ಇಪ್ಪತ್ತೈದರ ಆ ತರುಣಿ ಮತ್ತೆ ಎಚ್ಚರದ ಲೋಕಕ್ಕೆ ಮರಳಲಿಲ್ಲ. ಅಪರಾಧಿಗೆ ಏಳು ವರ್ಷದ ಸಜೆಯಾಯಿತು. ಅವನು ಅದನ್ನು ಮುಗಿಸಿ ಹೊರಬಂದ. ಅರುಣಾ ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು. ಅವರ ಬಗ್ಗೆ ಪುಸ್ತಕ ಬರೆದ ಪಿಂಕಿ ವಿರಾನಿಯವರು, ಈಕೆಗೆ ಉಣಿಸುವುದನ್ನು ನಿಲ್ಲಿಸಿ ಬಿಡುಗಡೆ ಕೊಡಿ ಎಂದು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಆಸ್ಪತ್ರೆಯ ದಾದಿಯರು ಒಪ್ಪಲಿಲ್ಲ. ಒಂದು ತಲೆಮಾರಿನ ದಾದಿಯರು ನಿವೃತ್ತರಾಗಿ ಇನ್ನೊಂದು ತಲೆಮಾರು ಬಂದಿತ್ತು. ಅಷ್ಟು ವರ್ಷ ಮಲಗಿದ್ದ ಮೈಯಲ್ಲಿ ಒಂದು ಹಾಸಿಗೆ ಹುಣ್ಣೂ ಆಗದಂತೆ ಅವರು ನೋಡಿಕೊಂಡಿದ್ದರು.

2011ರ ಮಾರ್ಚ್ 7ರ ತೀರ್ಪು ವಿರಾನಿಯವರ ಬೇಡಿಕೆಯನ್ನು ನಿರಾಕರಿಸಿತು. ಬಾಯಿಲ್ಲದ ಅರುಣಾ ಪರವಾಗಿ ಮಾತನಾಡುವ ಅಧಿಕಾರ ಪುಸ್ತಕ ಬರೆದವರಿಗಲ್ಲ, ಮಗ್ಗುಲು ಬದಲಿಸಿದವರಿಗೆ ಸೇರಿದ್ದೆಂದಿತು. ಅದೇ ತೀರ್ಪಿನಲ್ಲಿ, ಇಂಥ ಬೇರೆ ರೋಗಿಗಳ ವಿಷಯದಲ್ಲಿ ಉಚ್ಚ ನ್ಯಾಯಾಲಯದ ಅನುಮತಿ ಪಡೆದು ಜೀವ ಹಿಡಿದಿಡುವ ಚಿಕಿತ್ಸೆಯನ್ನು ಹಿಂತೆಗೆಯಬಹುದೆಂದೂ ಹೇಳಿತು. ಅನುಮತಿ ಏಕೆ? ಆಸ್ತಿಯ ಆಸೆಯ ಬಂಧುಗಳು ಇದನ್ನು ದುರುಪಯೋಗ ಮಾಡಿಯಾರೆಂದು. ದೊಡ್ಡಹುಂಡಿಯ ಕಲ್ಲಿನ ಮುಂದೆ ನಿಂತವರಿಗೆ ಈ ಅಂಜಿಕೆ ಅರ್ಥವಾಗುತ್ತದೆ. 48 ನಿರ್ಯಾಪಕರ ಪಟ್ಟಿಯನ್ನು ಓದಿದವರಿಗೆ ಆ ದಾದಿಯರ ಹಟವೂ ಅರ್ಥವಾಗುತ್ತದೆ. ಹಾಗಿದ್ದರೂ ಅರುಣಾ ಸ್ವತಃ ಏನು ಬಯಸುತ್ತಿದ್ದರೆಂಬುದನ್ನು ಆ ತೀರ್ಪೂ ಹೇಳಲಾರದೆ ಹೋಯಿತು. 2015ರ ಮೇ 18ರಂದು ನ್ಯುಮೋನಿಯಾದಿಂದ ಅವರು ತೀರಿಕೊಂಡರು.

ಅದೇ ವರ್ಷದ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯ ಸಲ್ಲೇಖನವನ್ನು ಆತ್ಮಹತ್ಯೆಯ ಯತ್ನವೆಂದೇ ಪರಿಗಣಿಸಬೇಕೆಂದಿತು. ಆ ತಿಂಗಳು ಮುಗಿಯುವ ಮೊದಲೇ ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಆ ಮೂರು ವಾರ ಕಳ್ವಪ್ಪುವಿನ ಶಾಸನಗಳೆಲ್ಲ ಪೋಲೀಸು ಠಾಣೆಯ ದಾಖಲೆಗಳಾಗಿಬಿಟ್ಟವೇನೋ ಎಂದು ನನಗನಿಸಿತ್ತು.

2018ರ ಮಾರ್ಚ್ 9ರಂದು ಐವರ ಪೀಠ ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದು ಸಾರಿತು. ಬುದ್ಧಿ ಸ್ಥಿಮಿತದಲ್ಲಿರುವಾಗಲೇ ಮನುಷ್ಯನು ತನಗೆ ಮುಂದೆ ಎಂಥ ಚಿಕಿತ್ಸೆ ಬೇಡವೆಂದು ಬರೆದಿಡಬಹುದಾಯಿತು. ಅದಕ್ಕೆ ಮ್ಯಾಜಿಸ್ಟ್ರೇಟರ ರುಜು ಬೇಕಾಗಿದ್ದುದರಿಂದ ಬರೆದವರು ವಿರಳ. 2023ರ ಜನವರಿಯಲ್ಲಿ ಅದು ಸಡಿಲವಾಯಿತು: ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಚಿಕಿತ್ಸೆ ನಿಲ್ಲಿಸುವ ಮುನ್ನ ಮೂವರು ವೈದ್ಯರ ಒಂದು ಮಂಡಳಿ, ಅದರ ಮೇಲೆ ಮೂವರದೇ ಇನ್ನೊಂದು ಮಂಡಳಿ, ರೋಗವು ನಿಷ್ಪ್ರತೀಕಾರವೇ ಎಂದು ನೋಡಬೇಕು. ನಮ್ಮ ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಮದ್ದು ಕೊಟ್ಟು ಕೊಲ್ಲುವುದು ಮಾತ್ರ ಹಿಂದಿನಂತೆಯೇ ಅಪರಾಧ. ಸಾಯಲು ನೆರವಾಗುವುದೂ ಅಷ್ಟೆ. ಸೋಮೇಶ್ವರನ ಮಂತ್ರಿಗಳಿಗೆ ಈಗಲೂ ಬಿಡುಗಡೆಯಿಲ್ಲ.

ಕಳೆದ ವರ್ಷ ನನ್ನ ಗೆಳೆಯರೊಬ್ಬರು ಇಪ್ಪತ್ತಮೂರು ದಿನ ತೀವ್ರನಿಗಾ ಘಟಕದಲ್ಲಿದ್ದು ತೀರಿಕೊಂಡರು. ಯಂತ್ರ ತೆಗೆಯೋಣವೆಂದು ಒಬ್ಬ ಮಗ, ಕೂಡದೆಂದು ಇನ್ನೊಬ್ಬ. ಅಣ್ಣತಮ್ಮಂದಿರು ಇಂದಿಗೂ ಮಾತನಾಡುವುದಿಲ್ಲ. ತಂದೆಯ ಮೇಲಿನ ಪ್ರೀತಿಯಲ್ಲಿ ಇಬ್ಬರಲ್ಲಿ ಯಾರೂ ಕಡಿಮೆಯವರಲ್ಲ. ಆದರೆ ತಂದೆ ಒಂದು ಸಾಲನ್ನೂ ಬರೆದಿಟ್ಟಿರಲಿಲ್ಲ.

ಅದನ್ನು ಕಂಡ ಮೇಲೆ ನಾನೂ ಬರೆಯಲು ಕುಳಿತೆ. ಕನ್ನಡದಲ್ಲೇ ಬರೆಯಬೇಕೆಂಬ ಹಟ. ಸರ್ಕಾರದವರು 'ಮುಂಗಡ ವೈದ್ಯಕೀಯ ನಿರ್ದೇಶನ' ಎನ್ನುತ್ತಾರೆ. ಅದು ರೈಲ್ವೆ ಟಿಕೇಟಿನ ಮಾತಿನಂತೆ ಕೇಳಿಸಿತು. 'ಉಯಿಲು' ಎನ್ನೋಣವೆಂದರೆ ಅದು ಇಂಗ್ಲಿಷಿನ ವಿಲ್ಲೇ ಕನ್ನಡದ ಪಂಚೆ ಉಟ್ಟದ್ದು. ನಮ್ಮ ತಂದೆಯ ಕಾಲದ ಪತ್ರಬರಹಗಾರರು ಉಯಿಲಿಗೆ 'ಮರಣಶಾಸನ'ವೆಂದು ಬರೆಯುತ್ತಿದ್ದರು. ಆ ಹೆಸರನ್ನೇ ತಲೆಬರಹವಾಗಿ ಇಟ್ಟೆ. ನನಗೆ ಪ್ರಜ್ಞೆಯಿಲ್ಲದಾಗ ತೀರ್ಮಾನಿಸಬೇಕಾದವರ ಹೆಸರು ಬರೆಯುವ ಜಾಗದಲ್ಲಿ ಲೇಖನಿ ನಿಂತಿತು. ಮಗಳನ್ನು ಕೇಳಿದೆ. "ಅಪ್ಪಾ, ಇದನ್ನು ನನಗೇ ಏಕೆ ಹೊರಿಸುತ್ತೀರಿ?" ಎಂದು ಫೋನಿಟ್ಟಳು. ನಾಲ್ಕು ದಿನ ಬಿಟ್ಟು ಅವಳೇ ಫೋನು ಮಾಡಿ, "ನನ್ನ ಹೆಸರು ಬರೆಯಿರಿ, ಆದರೆ ತಮ್ಮನದನ್ನೂ ಬರೆಯಿರಿ, ಇಬ್ಬರೂ ಕೂತು ಮಾತಾಡಿಕೊಳ್ಳುತ್ತೇವೆ" ಎಂದಳು. ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಹೆಸರಿಸಲು 2023ರ ಆದೇಶದಲ್ಲಿ ಅವಕಾಶವಿದೆ. ಎರಡು ಹೆಸರನ್ನೂ ಬರೆದಿದ್ದೇನೆ. ಸಾಕ್ಷಿಗಳಲ್ಲಿ ಒಬ್ಬರಾಗಲು ಎದುರುಮನೆಯವರು ಒಪ್ಪಿದ್ದಾರೆ, ಇನ್ನೊಬ್ಬರನ್ನು ಹುಡುಕಬೇಕು.

(ಆಕಾಶವಾಣಿಯ ಕೃಪೆಯಿಂದ)