ವಿದ್ಯುನ್ಮಾನ ಲಾಗಿಂಗ್ ಸಾಧನ

ಅಮೆರಿಕದಲ್ಲಿ ಲಾರಿಯ ಎಂಜಿನ್‌ಗೆ ಜೋಡಿಸಿ, ಚಾಲಕನ ಚಾಲನಾ ಅವಧಿಯನ್ನು ತಾನಾಗಿ ದಾಖಲಿಸುವ ಉಪಕರಣ. 2017ರ ಡಿಸೆಂಬರ್‌ನಿಂದ ಬಹುಪಾಲು ದೂರಪ್ರಯಾಣದ ಲಾರಿಗಳಿಗೆ ಕಡ್ಡಾಯ. ವೇಗ ಗಂಟೆಗೆ 5 ಮೈಲಿ ಮುಟ್ಟುವಷ್ಟರಲ್ಲಿ ಚಾಲನೆಯ ಲೆಕ್ಕ ಶುರುವಾಗಿರುತ್ತದೆ. ಕಾಗದದ ಪುಸ್ತಕದಲ್ಲಾದರೆ 11 ಗಂಟೆಯ ಚಾಲನಾ ಮಿತಿಯನ್ನು ಪೆನ್ನಿನಿಂದಲೇ ಹಿಗ್ಗಿಸಬಹುದಿತ್ತು. ಇಲ್ಲಿ ತಿದ್ದಿದರೂ ಮೂಲ ದಾಖಲೆ ಅಳಿಯದು, ತಿದ್ದಿದ ಕಾರಣವನ್ನೂ ಬರೆಯಬೇಕು. ಸಾಧನದ ನಿಜವಾದ ಬಲ ಜಿಪಿಎಸ್‌ಗಿಂತ ಇದರಲ್ಲಿದೆ.

ಇದು ಬೇಹುಗಾರಿಕೆ ಎಂಬ ಚಾಲಕರ ದೂರು ಪೂರ್ತಿ ಪೊಳ್ಳಲ್ಲ. ಆದರೆ ಸ್ವಂತ ಕೆಲಸಕ್ಕೆ ಗಾಡಿ ಓಡಿಸುವಾಗ ದಾಖಲಾಗುವ ಸ್ಥಳವನ್ನು ಸುಮಾರು 10 ಮೈಲಿ ಆಸುಪಾಸಿಗೆ ಮಸುಕಾಗಿಸಲು ನಿಯಮದಲ್ಲೇ ಅವಕಾಶವಿದೆ. ಗಟ್ಟಿಯಾದ ಆಕ್ಷೇಪ ಬೇರೆ: ಗಡಿಯಾರ ದಣಿವನ್ನು ಅಳೆಯದು. ಗೋದಾಮಿನ ಮುಂದೆ ಲೋಡಿಗೆ ಕಾದ ಹೊತ್ತೂ ಸಾಮಾನ್ಯವಾಗಿ 14 ಗಂಟೆಯ ಕೆಲಸದ ಅವಧಿಯನ್ನೇ ತಿನ್ನುವುದರಿಂದ, ಕಳೆದುಕೊಂಡದ್ದನ್ನು ರಸ್ತೆಯಲ್ಲಿ ಗಿಟ್ಟಿಸಿಕೊಳ್ಳುವ ಒತ್ತಡ ಹುಟ್ಟುತ್ತದೆ. ಕಡ್ಡಾಯದ ನಂತರ ಸಣ್ಣ ಸಾಗಣೆದಾರರಲ್ಲಿ ಅವಧಿಯ ಉಲ್ಲಂಘನೆ ತಗ್ಗಿದರೂ ಅತಿವೇಗದಂಥ ಪ್ರಕರಣಗಳು ಏರಿದ್ದನ್ನು ಸಂಶೋಧಕರು ಗುರುತಿಸಿದ್ದಾರೆ.