ನಿರಾಕೃತರ ಜೀವವಿಮೆ: ಒಂದು ಚಾರಿತ್ರಿಕ ವಿಚಾರ

ಜೀವವಿಮೆಯ ಅರ್ಜಿಪತ್ರದಲ್ಲಿ ಹೆಸರು, ವಯಸ್ಸು, ವೃತ್ತಿ ಇವುಗಳ ತರುವಾಯ ಎರಡು ಪ್ರಶ್ನೆಗಳು ಬರುತ್ತವೆ. ತಮಗೆ ಈ ಮೊದಲು ಯಾವ ಯಾವ ಕಾಯಿಲೆಗಳು ಬಂದಿದ್ದವು? ತಮ್ಮ ಅರ್ಜಿಯನ್ನು ಯಾವ ವಿಮಾಸಂಸ್ಥೆಯಾದರೂ ಹಿಂದೆ ನಿರಾಕರಿಸಿದ್ದುಂಟೆ, ಇಲ್ಲವೆ ಹೆಚ್ಚಿನ ಕಂತಿಗೆ ಒಪ್ಪಿದ್ದುಂಟೆ? ಆರೋಗ್ಯವಂತನು ಇವನ್ನು ಒಂದು ಗಳಿಗೆಯಲ್ಲಿ ದಾಟಿಹೋಗುತ್ತಾನೆ. ದೇಹದಲ್ಲಿ ಊನವುಳ್ಳವನ ಲೇಖನಿ ಮಾತ್ರ ಅಲ್ಲಿ ನಿಂತುಬಿಡುತ್ತದೆ. ನಿಜವನ್ನು ಬರೆದರೆ ಅರ್ಜಿ ಹೋದೀತು; ಮುಚ್ಚಿಟ್ಟರೆ ತನ್ನ ತರುವಾಯ ಹೆಂಡತಿಮಕ್ಕಳಿಗೆ ಬರತಕ್ಕ ಹಣವೇ ಹೋದೀತು. ಈ ಇಕ್ಕಟ್ಟಿಗೆ ಮುನ್ನೂರು ವರ್ಷಗಳಿಗೂ ಮೀರಿದ ಚರಿತ್ರೆಯುಂಟು. ಅದರಲ್ಲಿ ಮೈಸೂರು ಸಂಸ್ಥಾನದ ಪಾಲೂ ಉಂಟು.

ವಿಷಯವು ನಮಗೆ ದೂರದ್ದಲ್ಲವೆಂಬುದಕ್ಕೆ ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯ ಕಡೆಯನ್ನು ನೋಡಬಹುದು. ಆ ತಾಲ್ಲೂಕು ರೇಷ್ಮೆಗೆ ಹೆಸರಾದುದು. ಗೂಡುಗಳನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುವವರು ದಿನವೆಲ್ಲ ಆ ಆವಿಯಲ್ಲಿಯೂ ರೇಷ್ಮೆಯ ಧೂಳಿನಲ್ಲಿಯೂ ಉಸಿರಾಡುತ್ತಾರೆ. ಇವರಲ್ಲಿ ಕೆಲವರಿಗೆ ಈ ಕಸುಬಿನಿಂದಲೇ ಉಬ್ಬಸ ಹತ್ತುವುದೆಂದು ವೈದ್ಯರು ಕಂಡುಕೊಂಡಿದ್ದಾರೆ. ಇಂತಹ ಬಿಚ್ಚಾಣಿಕೆದಾರನೊಬ್ಬನು ವಿಮೆಗೆ ಅರ್ಜಿ ಹಾಕುವನೆಂದು ಭಾವಿಸಿರಿ. ಸಂಸಾರವನ್ನು ಸಾಕುವ ಕಸುಬೇ ಆ ಸಂಸಾರಕ್ಕೆ ದೊರೆಯಬೇಕಾದ ಅಭಯಕ್ಕೆ ಅಡ್ಡಬರುತ್ತದೆ. ಯಾರಿಗೆ ವಿಮೆ ಹೆಚ್ಚು ಅಗತ್ಯವೋ ಅವರಿಗೇ ಅದು ದುರ್ಲಭವಾಗುವುದು ಈ ವ್ಯವಹಾರದ ಹಳೆಯ ವೈಪರೀತ್ಯ.

1706ರಲ್ಲಿ ಲಂಡನ್ನಿನಲ್ಲಿ ಅಮಿಕಬಲ್ ಸೊಸೈಟಿಯೆಂಬ ಸಂಘವು ಹುಟ್ಟಿತು. ಅದರ ಸದಸ್ಯರೆಲ್ಲರೂ, ಇಪ್ಪತ್ತು ವರ್ಷದವನಾಗಲಿ ನಲವತ್ತು ವರ್ಷದವನಾಗಲಿ, ಒಂದೇ ಮೊತ್ತದ ವಂತಿಗೆಯನ್ನು ಕೊಡುತ್ತಿದ್ದರು. ವಯಸ್ಸಿಗೆ ತಕ್ಕ ದರವನ್ನು ಅರಿಯದ ಸಂಘಕ್ಕೆ ಉಳಿದ ಉಪಾಯವೆಂದರೆ ಬಾಗಿಲು ಮುಚ್ಚುವುದು: ನಲವತ್ತೈದು ದಾಟಿದವರಿಗೆ ಪ್ರವೇಶವಿರಲಿಲ್ಲ. ಜೇಮ್ಸ್ ಡಾಡ್ಸನ್ ಎಂಬ ಗಣಿತಜ್ಞನು ಹೀಗೆ ವಯಸ್ಸಿನ ಕಾರಣದಿಂದ ನಿರಾಕೃತನಾದನು. ಆತನು ಸುಮ್ಮನಿರದೆ, ಪ್ರತಿಯೊಂದು ವಯಸ್ಸಿನವನೂ ತನ್ನ ಮರಣಸಂಭವಕ್ಕೆ ತಕ್ಕಷ್ಟು ಕಂತನ್ನು ಕೊಟ್ಟರೆ ಯಾರನ್ನೂ ವಯಸ್ಸಿಗಾಗಿ ಹೊರಗಿಡಬೇಕಾಗಿಲ್ಲವೆಂದು ಲೆಕ್ಕಹಾಕಿದನು. ಧೂಮಕೇತುವಿನಿಂದ ಪ್ರಸಿದ್ಧನಾದ ಹ್ಯಾಲಿಯು 1693ರಲ್ಲಿ ಪ್ರಕಟಿಸಿದ ಮರಣಪಟ್ಟಿಯು ಇಂತಹ ಎಣಿಕೆಗೆ ಆಗಲೇ ದಾರಿ ತೋರಿಸಿತ್ತು. ಡಾಡ್ಸನ್ 1757ರಲ್ಲಿ ತೀರಿಕೊಂಡನು. ಆತನ ತತ್ತ್ವದ ಮೇಲೆ ಇಕ್ವಿಟಬಲ್ ಸೊಸೈಟಿಯು 1762ರಲ್ಲಿ ನೆಲೆಗೊಂಡಿತು. ಆಧುನಿಕ ಜೀವವಿಮೆಯ ತಳಹದಿಯನ್ನು ಹಾಕಿದವನು ಅರ್ಜಿ ನಿರಾಕೃತವಾದವನೊಬ್ಬನೆಂಬುದು ಗಮನಿಸತಕ್ಕ ಸಂಗತಿ.

ವಯಸ್ಸಿಗೆ ಸಂದ ನ್ಯಾಯವು ರೋಗಕ್ಕೂ ಸಲ್ಲಬೇಕಲ್ಲವೆ? 1824ರಲ್ಲಿ ಜಾರ್ಜ್ ಪಿಂಕರ್ಡ್ ಎಂಬ ವೈದ್ಯನು ಮುಂದಾಗಿ, ಪೂರ್ಣಾರೋಗ್ಯವಿಲ್ಲದವರಿಗೂ ವಿಮೆ ದೊರಕಿಸುವ ಉದ್ದೇಶದಿಂದ ಲಂಡನ್ನಿನಲ್ಲಿ ಒಂದು ಸಂಸ್ಥೆಯನ್ನು ಸ್ಥಾಪಿಸಿದನು. ಅಮೆರಿಕದಲ್ಲಿ ನ್ಯೂಯಾರ್ಕ್ ಲೈಫ್ ಕಂಪೆನಿಯು 1896ರಿಂದ ಇಂತಹ ಜೀವಗಳನ್ನು ಕ್ರಮವಾಗಿ ಸ್ವೀಕರಿಸತೊಡಗಿತು. ಅದರ ವೈದ್ಯ ರಾಜರ್ಸ್ ಮತ್ತು ಗಣಕ ಹಂಟರ್ ಇಬ್ಬರೂ ಸೇರಿ ಒಂದು ಅಂಕಪದ್ಧತಿಯನ್ನು ರೂಪಿಸಿದರು. ಸಾಮಾನ್ಯ ಜೀವದ ಅಪಾಯವನ್ನು 100 ಎಂದಿಟ್ಟುಕೊಂಡು, ಮೈತೂಕ, ರಕ್ತದೊತ್ತಡ, ಮನೆತನದ ರೋಗ ಮೊದಲಾದ ಒಂದೊಂದಕ್ಕೂ ಅಂಕಗಳನ್ನು ಕೂಡಿಸುವುದು ಇಲ್ಲವೆ ಕಳೆಯುವುದು ಅದರ ಕ್ರಮ. ಮೊತ್ತ 150 ಆದರೆ, ಎರಡು ಮರಣಗಳನ್ನು ನಿರೀಕ್ಷಿಸತಕ್ಕ ಕಡೆಯಲ್ಲಿ ಮೂರನ್ನು ನಿರೀಕ್ಷಿಸಬೇಕೆಂದು ಅರ್ಥ. ಕಂತೂ ಅದಕ್ಕೆ ತಕ್ಕಂತೆ ಏರುತ್ತದೆ. ಹೌದು ಅಥವಾ ಅಲ್ಲ ಎಂಬ ಎರಡೇ ಉತ್ತರಗಳಿದ್ದಲ್ಲಿ ಇದರಿಂದ ಹಲವು ಮೆಟ್ಟಿಲುಗಳು ಏರ್ಪಟ್ಟವು.

ಭಾರತದಲ್ಲಿ ಮಾತ್ರ ಬಹುಕಾಲ ಹುಟ್ಟೇ ಒಂದು ರೋಗವೆಂಬಂತೆ ಎಣಿಕೆಯಾಯಿತು. 1818ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿತವಾದ ಓರಿಯಂಟಲ್ ಕಂಪೆನಿಯೂ ತರುವಾಯ ಬಂದ ವಿದೇಶೀ ಕಂಪೆನಿಗಳೂ ಮುಖ್ಯವಾಗಿ ಯೂರೋಪಿಯನರ ಅಗತ್ಯಗಳಿಗಾಗಿ ಇದ್ದವು. ಬಾಬು ಮತಿಲಾಲ್ ಸೀಲ್ ಮೊದಲಾದವರ ಪ್ರಯತ್ನದಿಂದ ಭಾರತೀಯರ ಜೀವಗಳನ್ನು ಒಪ್ಪಿಕೊಂಡಾಗಲೂ, ಅವು ಕೆಳದರ್ಜೆಯ ಜೀವಗಳೆಂದು ಭಾರವಾದ ಅಧಿಕ ಕಂತನ್ನು ಹೇರಲಾಯಿತು. ಗಟ್ಟಿಮುಟ್ಟಾದ ರೈತನೂ ಕ್ಷಯರೋಗಿಯೂ ಆ ಪುಸ್ತಕದಲ್ಲಿ ನೆರೆಹೊರೆಯವರು. 1870ರ ದಶಕದ ಆರಂಭದಲ್ಲಿ ಬಾಂಬೆ ಮ್ಯೂಚುಯಲ್ ಸಂಸ್ಥೆಯು ಭಾರತೀಯರಿಗೂ ಸಾಮಾನ್ಯ ದರದಲ್ಲಿಯೇ ವಿಮೆ ಕೊಡಲಾರಂಭಿಸಿದ ಮೇಲೆ ಈ ಅನ್ಯಾಯ ಸಡಿಲತೊಡಗಿತು.

ಈ ಹಿನ್ನೆಲೆಯಲ್ಲಿ 1891ರ ಮೈಸೂರಿನ ಪ್ರಯೋಗವನ್ನು ಅರ್ಥಮಾಡಿಕೊಳ್ಳಬೇಕು. ಹತ್ತನೆಯ ಚಾಮರಾಜ ಒಡೆಯರ ಆಳ್ವಿಕೆಯಲ್ಲಿ, ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, ಸಂಸ್ಥಾನವು ತನ್ನ ನೌಕರರಿಗಾಗಿ ತಾನೇ ಒಂದು ಜೀವವಿಮಾ ಏರ್ಪಾಟನ್ನು ಸ್ಥಾಪಿಸಿತು. ಅದೇ ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಮೂಲ. ಈಗಲೂ ರಾಜ್ಯದ ನೌಕರರಿಗೆ ಈ ವಿಮೆ ಕಡ್ಡಾಯ. ವಿಮೆಯು ಐಚ್ಛಿಕವಾದಲ್ಲಿ ಮೈಯಲ್ಲಿ ಅಳುಕುಳ್ಳವರೇ ಮೊದಲು ಓಡಿಬರುವರೆಂಬ ಭಯ ಸಂಸ್ಥೆಗೆ ಇದ್ದೇ ಇರುತ್ತದೆ. ಅಷ್ಟೊಂದು ಪ್ರಶ್ನೆಗಳನ್ನು ಕೇಳುವುದೂ ಅದಕ್ಕಾಗಿಯೇ. ಒಂದು ಸಮುದಾಯವೆಲ್ಲ ಒಟ್ಟಿಗೆ ಸೇರಿದರೆ ಬಲ್ಲಿದ ದೇಹವು ಬಳಲಿದ ದೇಹದ ಭಾರದಲ್ಲಿ ಪಾಲು ಹೊರುತ್ತದೆ, ಆ ಭಯವೂ ಕುಗ್ಗುತ್ತದೆ. ಏರ್ಪಾಟು ಆರಂಭವಾದ ಮೂರು ವರ್ಷಗಳಲ್ಲಿಯೇ, 1894ರ ಡಿಸೆಂಬರಿನಲ್ಲಿ, ಮಹಾರಾಜರು ಕಲ್ಕತ್ತೆಯಲ್ಲಿ ಗಂಟಲಮಾರಿ ತಗುಲಿ ಮೂವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡರು. ಯಾವ ವೈದ್ಯಪರೀಕ್ಷೆಯೂ ಮುಂಗಾಣಲಾರದ ಮರಣ ಅದು. 1956ರಲ್ಲಿ ಜೀವವಿಮೆ ರಾಷ್ಟ್ರೀಕರಣಗೊಂಡು ಜೀವವಿಮಾ ನಿಗಮ ಹುಟ್ಟಿದಾಗಲೂ ನೌಕರರ ಈ ವಿಮೆ ರಾಜ್ಯದಲ್ಲಿಯೇ ಉಳಿಯಿತು.

ಆದರೆ ಸರ್ಕಾರದ ನೌಕರಿಯಿಲ್ಲದ ಬಿಚ್ಚಾಣಿಕೆದಾರನಿಗೆ ಇದರಿಂದೇನು ಫಲ? ಅವನು ಅರ್ಜಿಪತ್ರದ ಮುಂದೆ ಒಂಟಿಯಾಗಿಯೇ ಕುಳಿತುಕೊಳ್ಳಬೇಕು. ಅಲ್ಲಿ ಅವನಿಗೆ ಎರಡು ಕಾನೂನುಗಳು ಸಂಬಂಧಪಡುತ್ತವೆ. ಮೊದಲನೆಯದು ಪರಮ ವಿಶ್ವಾಸದ ಧರ್ಮ. 1766ರಲ್ಲಿ ಇಂಗ್ಲೆಂಡಿನ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಇದನ್ನು ಪ್ರತಿಪಾದಿಸಿದನು. ತನಗೆ ಮಾತ್ರ ತಿಳಿದ ಮುಖ್ಯಾಂಶವನ್ನು ಅರ್ಜಿದಾರನು ಮುಚ್ಚಿಡಕೂಡದು. ಎರಡನೆಯದು ಭಾರತದ 1938ರ ವಿಮಾ ಕಾಯಿದೆಯ 45ನೆಯ ವಿಧಿ. ಎರಡು ವರ್ಷಗಳು ಕಳೆದ ಬಳಿಕ, ವಂಚನೆಯಿಂದ ಮಾಡಿದ ಮುಖ್ಯ ಸುಳ್ಳನ್ನು ತೋರಿಸಿದ ಹೊರತು, ತಪ್ಪು ಹೇಳಿಕೆಯ ನೆಪದಿಂದ ಪಾಲಿಸಿಯನ್ನು ಅಲ್ಲಗಳೆಯಕೂಡದೆಂದು ಅದು ವಿಧಿಸಿತು. ಆದರೂ ಮಿಥೂಲಾಲ್ ನಾಯಕ್ ಮೊಕದ್ದಮೆಯಲ್ಲಿ, ವಿಮೆ ಮಾಡಿಸಿದವನು ಹಿಂದೆ ರಕ್ತಹೀನತೆ, ಕಾಲುಬಾವುಗಳಿಗೆ ಚಿಕಿತ್ಸೆ ಪಡೆದುದನ್ನು ಬುದ್ಧಿಪೂರ್ವಕವಾಗಿ ಮುಚ್ಚಿಟ್ಟನೆಂದು ಕಂಡು, 1962ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹಣದ ಹಕ್ಕನ್ನು ನಿರಾಕರಿಸಿತು. 2015ರ ತಿದ್ದುಪಡಿಯ ಪ್ರಕಾರ ಮೂರು ವರ್ಷಗಳು ತುಂಬಿದ ಪಾಲಿಸಿಯನ್ನು ಯಾವ ಕಾರಣದಿಂದಲೂ ಪ್ರಶ್ನಿಸುವಂತಿಲ್ಲ. ಇದು ಕುಟುಂಬಕ್ಕೆ ರಕ್ಷೆಯೇ ಹೊರತು ಸುಳ್ಳಿಗೆ ಪರವಾನಗಿಯಲ್ಲ; ಆ ಮೂರು ವರ್ಷಗಳೊಳಗೆ ಮೃತ್ಯು ಬರಲಾರದೆಂದು ಯಾರು ಬರೆದುಕೊಡಬಲ್ಲರು?

ಸಾಮೂಹಿಕತೆಯ ತತ್ತ್ವವು ಈಗ ಹಳ್ಳಿಗೂ ಬಂದಿದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಜೀವನಜ್ಯೋತಿ ವಿಮಾ ಯೋಜನೆಯಲ್ಲಿ 18ರಿಂದ 50 ವರ್ಷದೊಳಗಿನ ಬ್ಯಾಂಕು ಅಥವಾ ಅಂಚೆ ಖಾತೆದಾರರು ವೈದ್ಯಪರೀಕ್ಷೆಯಿಲ್ಲದೆ ಸೇರಬಹುದು. 2022ರಲ್ಲಿ ವರ್ಷದ ಕಂತನ್ನು 436 ರೂಪಾಯಿಗೆ ನಿಗದಿಮಾಡಲಾಯಿತು. ವಿಮೆಯ ಮೊತ್ತ ಎರಡು ಲಕ್ಷ. ಸೇರಿದ ಮೊದಲ 30 ದಿನಗಳಲ್ಲಿ ಅಪಘಾತದ ಮರಣಕ್ಕೆ ಮಾತ್ರ ಹಣ ಸಲ್ಲುತ್ತದೆ. ಮೊತ್ತ ದೊಡ್ಡದಲ್ಲ, ಆದರೆ ಉಬ್ಬಸದವನಿಗೂ ಬಾಗಿಲು ತೆರೆದಿರುವುದು ಸಣ್ಣ ಮಾತಲ್ಲ.

ನಿರಾಕರಣೆಯೆಂಬುದು ವ್ಯಕ್ತಿಯ ಮೇಲಣ ತೀರ್ಪಲ್ಲ, ಒಂದು ಕಾಲದ ಲೆಕ್ಕದ ಮಿತಿ ಮಾತ್ರ. ಈ ಚರಿತ್ರೆಯಿಂದ ತಿಳಿಯುವುದು ಇಷ್ಟು. ಡಾಡ್ಸನ್ನನ ವಯಸ್ಸು, ಭಾರತೀಯನ ಹುಟ್ಟು, ರೋಗಿಯ ರಕ್ತದೊತ್ತಡ, ಇವೆಲ್ಲ ಒಮ್ಮೆ ಮುಚ್ಚಿದ ಬಾಗಿಲುಗಳಾಗಿದ್ದು ಬಳಿಕ ತೆರೆದವು. ಆದುದರಿಂದ ಒಂದು ಕಡೆ ನಿರಾಕೃತನಾದವನು ನಾಚಬೇಕಾದುದಿಲ್ಲ. ಹಿಂದಿನ ನಿರಾಕರಣೆಯನ್ನೂ ರೋಗವನ್ನೂ ಇದ್ದುದಿದ್ದಂತೆ ಬರೆದು ಮತ್ತೊಂದು ಸಂಸ್ಥೆಯನ್ನು ಕೇಳಬಹುದು, ಹೆಚ್ಚಿನ ಕಂತನ್ನು ತೂಗಿ ನೋಡಬಹುದು, ಸಾಮೂಹಿಕ ವಿಮೆಯನ್ನು ಆಶ್ರಯಿಸಬಹುದು. ಇಂದು ಬರೆದ ಆ ಎರಡು ಸಾಲುಗಳ ಸತ್ಯಕ್ಕೆ ನಾಳೆ ಸಾಕ್ಷಿ ನುಡಿಯಲು ಬರೆದವನು ಇರುವುದಿಲ್ಲ. ಆ ಕಾಗದವನ್ನು ಹಿಡಿದು ಕಚೇರಿಯ ಮುಂದೆ ನಿಲ್ಲತಕ್ಕವರು ಅವನ ಮನೆಯವರು.